ಪೊರಕೆ ಕಡ್ಡಿಯಲ್ಲಿ ಅಳೆದ ಮಳೆ

ಇಲ್ಲಿ ಬರೆಯುವುದರಲ್ಲಿ ನಿಜವಾಗಿ ನಡೆದದ್ದು ಎಷ್ಟು, ಆಮೇಲೆ ನಾನೇ ಸೇರಿಸಿಕೊಂಡದ್ದು ಎಷ್ಟು ಎಂಬುದು ನನಗೆ ಖಚಿತವಿಲ್ಲ. ಇದನ್ನು ವಿನಯಕ್ಕಾಗಿ ಹೇಳುತ್ತಿಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹವಾಮಾನದ ಅಬ್ಸರ್ವರ್ ಆಗಿದ್ದೆ. ಅದರ ಜೊತೆಜೊತೆಗೇ ನಾಟಕ ಬರೆಯುತ್ತಿದ್ದೆ. ಈಗ ಹೇಳಹೊರಟಿರುವ ಪ್ರಸಂಗವನ್ನೂ ಒಂದು ನಾಟಕಕ್ಕೆ ಬಳಸಿಕೊಂಡೆ. ಅದನ್ನು ಹದಿನಾಲ್ಕು ಸಲ ಆಡಿದೆವು. ಜೀವನದಲ್ಲಿ ಒಂದೇ ಸಲ ನಡೆದದ್ದು ರಂಗದ ಮೇಲೆ ಹದಿನಾಲ್ಕು ಸಲ ನಡೆದರೆ, ಮೊದಲನೆಯದು ಎಲ್ಲಿ ಉಳಿಯುತ್ತದೆ?

ಇತ್ತೀಚೆಗೆ ಈ ಕೆಲಸಕ್ಕೆ ಹೊಸದಾಗಿ ಸೇರಿದ ತರುಣರೊಬ್ಬರು ಕತೆ ಬರೆಯುತ್ತಾರಂತೆ, ನನ್ನನ್ನು ನೋಡಲು ಬಂದಿದ್ದರು. ನೌಕರಿ, ಬರವಣಿಗೆ ಎರಡನ್ನೂ ಹೇಗೆ ತೂಗಿಸಿದಿರಿ ಎಂದು ಕೇಳಿದರು. ಶಿಸ್ತು, ಸಮಯಪಾಲನೆ ಎಂದೆಲ್ಲ ಏನೋ ಹೇಳಿ ಕಳಿಸಿದೆ. ಅವರು ಗೇಟು ದಾಟುವ ಮೊದಲೇ, ಹೇಳಿದ್ದು ಸುಳ್ಳು ಅನ್ನಿಸಿತು. ನಾನು ತೂಗಿಸಲಿಲ್ಲ. ಒಂದು ಇನ್ನೊಂದರೊಳಗೆ ಸೋರಿತು. ಅದು ಹೇಗೆ ಸೋರಿತು ಎಂದು ಬರೆದರೆ ಅವರಿಗೆ ಹೆಚ್ಚು ಉಪಯೋಗವಾದೀತು.

ಐವತ್ತರ ದಶಕದ ಕೊನೆಯ ಭಾಗ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದ ನನಗೆ ಬೆಂಗಳೂರಿನ ಉತ್ತರಕ್ಕಿದ್ದ ಸಿಂಗಾಪುರ ಎಂಬ ಹಳ್ಳಿಯ ಪಕ್ಕದ ಒಂದು ಸಣ್ಣ ಸರ್ಕಾರಿ ಫಾರಂನಲ್ಲಿ ಕೆಲಸ ಸಿಕ್ಕಿತು. ಆ ಫಾರಂ ಈಗಿಲ್ಲ, ಅಲ್ಲಿ ಬಡಾವಣೆ ಎದ್ದಿದೆ. ಯಶವಂತಪುರದ ಮನೆಯಿಂದ ಸೈಕಲ್ ಹತ್ತಿದರೆ ಜಾಲಹಳ್ಳಿ ದಾಟಿ ಮುಕ್ಕಾಲು ಗಂಟೆಯ ದಾರಿ. ಫಾರಂನ ಒಂದು ಮೂಲೆಗೆ ತಂತಿಬೇಲಿ ಹಾಕಿ, ಒಳಗೆ ಕಾಲಿನ ಮೇಲೆ ನಿಂತ ಒಂದು ಬಿಳಿಯ ಮರದ ಪೆಟ್ಟಿಗೆ ಇಟ್ಟಿದ್ದರು. ಗಾಳಿ ಆಡುವಂತೆ ಅದರ ಗೋಡೆಗಳಿಗೆ ಓರೆಪಟ್ಟಿ, ಒಳಗೆ ಉಷ್ಣಮಾಪಕಗಳು. ಅದರಾಚೆ ನೆಲದಲ್ಲಿ ಹೂತ ಮಳೆಮಾಪಕ. ಮಳೆಮಾಪಕ ಅಂದರೆ ಏನೂ ಇಲ್ಲ, ಒಂದು ಲಾಳಿಕೆ, ಅದರಡಿಗೆ ಒಂದು ಡಬ್ಬಿ. ಡಬ್ಬಿಯ ನೀರನ್ನು ಗೆರೆ ಕೊರೆದ ಉದ್ದನೆಯ ಅಳತೆಗಾಜಿಗೆ ಸುರಿದು ಎಷ್ಟು ಎಂದು ಓದಬೇಕು. ಬೆಳಿಗ್ಗೆ ಎಂಟೂವರೆಗೆ ಒಂದು ಸಲ, ಸಂಜೆ ಐದೂವರೆಗೆ ಇನ್ನೊಂದು ಸಲ, ವರ್ಷದ ಅಷ್ಟೂ ದಿನ.

ನಮ್ಮ ಸೂಪರಿಂಟೆಂಡೆಂಟು ಶೇಷಗಿರಿರಾಯರು. ರಾಗಿಯ ಮೇಲೆ ಪ್ರಯೋಗ ಮಾಡುತ್ತಿದ್ದವರು, ಬಡಕಲು ದೇಹ, ಬೇಸಿಗೆಯಲ್ಲೂ ಕೋಟು. ಸೇರಿದ ಮೊದಲ ವಾರ ಮಳೆ ಬರಲಿಲ್ಲವೆಂದು ಮಳೆಯ ಕಾಲಂ ಖಾಲಿ ಬಿಟ್ಟಿದ್ದೆ. ಅವರು ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿ, ಖಾಲಿ ಇದ್ದರೆ ಮಳೆ ಬರಲಿಲ್ಲ ಎಂದೋ ನೀವು ಬರಲಿಲ್ಲ ಎಂದೋ ನನಗೆ ಹೇಗೆ ಗೊತ್ತಾಗಬೇಕು ಎಂದು ಕೇಳಿದರು. ಅಂದಿನಿಂದ ಒಣ ದಿನಗಳಲ್ಲೂ ಡಬ್ಬಿ ಎತ್ತಿ, ಬಗ್ಗಿ ನೋಡಿ, ಸೊನ್ನೆ ಬರೆದೆ. ವಿಶ್ವವಿದ್ಯಾಲಯ ನನಗೆ ಅನುಮಾನ ಪಡುವುದನ್ನು ಕಲಿಸಿತ್ತು. ಸೊನ್ನೆ ಬರೆಯುವುದನ್ನು ಕಲಿಸಿದವರು ರಾಯರು.

ಆ ಕಾಲದಲ್ಲೇ ಅಂಗುಲ ಹೋಗಿ ಮಿಲಿಮೀಟರ್ ಬಂತು. ಹೊಸ ಅಳತೆಗಾಜು ಬಂದರೂ ಹೊಸ ರಿಜಿಸ್ಟರು ಬಂದಿರಲಿಲ್ಲ. ಹೊಸ ಗಾಜಿನಲ್ಲಿ ಹನ್ನೆರಡು ಎಂದು ಓದಿ ಹಳೆಯ ಅಂಗುಲದ ಕಾಲಂನಲ್ಲಿ ಹನ್ನೆರಡು ಎಂದೇ ಬರೆದು ಕಳಿಸಿದೆ. ಸಿಂಗಾಪುರದಲ್ಲಿ ಒಂದೇ ದಿನ ಹನ್ನೆರಡು ಅಂಗುಲ ಮಳೆ. ಕೇಂದ್ರ ಕಚೇರಿಯಿಂದ ಒಂದು ಕಾರ್ಡು ಬಂತು, ತಮ್ಮ ಫಾರಂ ಇನ್ನೂ ಇದ್ದ ಜಾಗದಲ್ಲೇ ಇದೆಯೇ ಎಂದು. ರಾಯರು ಅದನ್ನು ನನ್ನ ಮೇಜಿನ ಮುಂದಿನ ಗೋಡೆಗೆ ಅಂಟಿಸಿದರು. ಅದು ಅಲ್ಲಿ ಎರಡು ವರ್ಷ ಇತ್ತು.

ಬರವಣಿಗೆಗೆ ಬರುತ್ತೇನೆ. ತಿಂಗಳ ಕೊನೆಗೆ ಇಡೀ ತಿಂಗಳ ಅಂಕಿಗಳನ್ನು ಒಂದು ದೊಡ್ಡ ಹಾಳೆಗೆ ಇಳಿಸಿ ಕಳಿಸಬೇಕಿತ್ತು, ಅದಕ್ಕೆ ತಖ್ತೆ ಎನ್ನುತ್ತಿದ್ದೆವು. ಗೆರೆ ತಪ್ಪಿದ, ಮಸಿ ಚೆಲ್ಲಿದ ತಖ್ತೆಗಳು ಬೇಕಾದಷ್ಟು ಬಿದ್ದಿರುತ್ತಿದ್ದವು. ಅವುಗಳ ಬೆನ್ನಿಗೆ ಪೆನ್ಸಿಲಿನಲ್ಲಿ ನಾಟಕ ಬರೆಯುತ್ತಿದ್ದೆ. ಬೆಳಗಿನ ಓದು ಮುಗಿದ ಮೇಲೆ ಅರ್ಧ ಗಂಟೆ, ಊಟದ ಹೊತ್ತಿನಲ್ಲಿ ಅರ್ಧ ಗಂಟೆ. ಕೆಲಸ ಕದ್ದೆನೇ? ಕದ್ದಿಲ್ಲ ಎಂದು ನೆನಪು. ಆದರೆ ಈ ವಿಷಯದಲ್ಲಿ ನನ್ನ ನೆನಪು ನನ್ನದೇ ಪಕ್ಷದ್ದು.

ನಾಟಕ ಆಡುತ್ತಿದ್ದವರು ಜಾಲಹಳ್ಳಿಯ ಒಂದು ಕಾರ್ಖಾನೆಯ ಕೆಲಸಗಾರರು. ಮುಂದಾಳು ಸತ್ತಾರ್, ಲೇತ್ ಯಂತ್ರದ ಮೇಲೆ ಕೆಲಸ. ಮನೆಯಲ್ಲಿ ದಖನಿ ಮಾತಾಡಿ ರಂಗದ ಮೇಲೆ ನಮ್ಮೆಲ್ಲರಿಗಿಂತ ಸ್ವಚ್ಛ ಕನ್ನಡ ಆಡುತ್ತಿದ್ದ. ಅಧಿಕಾರಿಯ ಪಾತ್ರಗಳೆಲ್ಲ ಅವನಿಗೇ. ಅವರದು ಪಾಳಿಯ ಕೆಲಸವಾದ್ದರಿಂದ ಎಲ್ಲರೂ ಒಟ್ಟಿಗೆ ಸಿಗುತ್ತಿದ್ದದ್ದು ಭಾನುವಾರ ಬೆಳಿಗ್ಗೆ ಮಾತ್ರ. ಯಶವಂತಪುರದ ಒಂದು ಶಾಲೆಯ ಕೊಠಡಿಯಲ್ಲಿ ಏಳೂವರೆಗೆ ತಾಲೀಮು ಶುರು. ಮಳೆಮಾಪಕ ಭಾನುವಾರವನ್ನು ಗುರುತಿಸುವುದಿಲ್ಲ. ನನ್ನ ತೊಂದರೆಯೆಲ್ಲ ಈ ಒಂದು ಗಂಟೆಯದು.

ಆಗ ಮುನಿಯಪ್ಪ ಬಂದರು. ಬಂದರು ಎಂದರೆ, ಅವರು ಮೊದಲಿಂದಲೂ ಇದ್ದರು, ನಾನು ನೋಡಿರಲಿಲ್ಲ. ಸಿಂಗಾಪುರದವರು, ಫಾರಂನ ಕಾವಲಿಗೆ ದಿನಗೂಲಿ ಮೇಲಿದ್ದರು. ಅವರನ್ನು ಕಾಯಂ ಮಾಡಬೇಕೆಂದು ರಾಯರು ಬರೆದ ಕಾಗದ ಮೇಲಿನ ಕಚೇರಿಯಲ್ಲಿ ಕೂತು ಬಹಳ ದಿನವಾಗಿತ್ತು. ನಮ್ಮ ತಂದೆಯ ವಯಸ್ಸಿನವರು. ಆಗ ನಾನು ಅವರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಫಾರಂನಲ್ಲಿ ಎಲ್ಲರೂ ಹಾಗೇ. ಈಗ ಬರೆಯುವಾಗ ಕೈ ಬಹುವಚನಕ್ಕೆ ಹೋಗುತ್ತದೆ.

ಭಾನುವಾರ ಎಂಟೂವರೆಗೆ ಕಾರ್ಖಾನೆಯ ಸೈರನ್ ಕೇಳಿಸುತ್ತದೆ, ಆಗ ಡಬ್ಬಿಯ ನೀರನ್ನು ಒಂದು ಬಾಟಲಿಗೆ ತುಂಬಿ ಬಿರಡೆ ಹಾಕಿಡು, ಸೋಮವಾರ ನಾನು ಅಳೆಯುತ್ತೇನೆ ಎಂದು ಹೇಳಿದೆ. ಉಷ್ಣಮಾಪಕದ ಚಿಂತೆ ಇರಲಿಲ್ಲ. ಭಾನುವಾರ ಅದೂ ಬೇಡ, ಸಂಜೆಯ ಓದೂ ಬೇಡ, ಬೆಳಗಿನ ಮಳೆಯ ಓದೊಂದು ತಪ್ಪದಿದ್ದರೆ ಸಾಕು ಎಂದು ರಾಯರೇ ಬಿಟ್ಟಿದ್ದರು. ಮೊದಲ ಸೋಮವಾರ ಹೋದರೆ ಬಾಟಲಿಯಲ್ಲಿ ಹರಳೆಣ್ಣೆ. ಅವರ ಹೆಂಡತಿ ನೀರು ಚೆಲ್ಲಿ, ಬಾಟಲಿ ತೊಳೆದು ಉಪಯೋಗಕ್ಕೆ ಹಚ್ಚಿದ್ದರು. ಗಾಜಿನ ಗೆರೆ ಎಣಿಸುವುದನ್ನು ಕಲಿಸಲು ನೋಡಿದೆ. ಗೆರೆಗಳು ಸಣ್ಣವು, ಅವರ ಕಣ್ಣು ಹಳೆಯವು.

ಉಪಾಯ ಹುಡುಕಿದವರು ಅವರೇ. ತೆಂಗಿನ ಪೊರಕೆಯ ಒಂದು ಕಡ್ಡಿ ತಂದು, ನೀರು ತುಂಬಿದ ಗಾಜಿನ ಹೊರಗೆ ಒತ್ತಿ ನಿಲ್ಲಿಸಿ, ನೀರಿನ ಮಟ್ಟಕ್ಕೆ ಸರಿಯಾಗಿ ಕುಡುಗೋಲಿನಿಂದ ಕುಯ್ದು ನನ್ನ ಕೈಗಿಟ್ಟರು.

“ಇದ ಮಡಿಕ್ಕಳಿ ಸಾಮಿ. ನೀರು ಆರೋಯ್ತದೆ, ಕಡ್ಡಿ ಎಲ್ಲಿಗೋದಾದು?”

ಬಾವಿಯ ನೀರು ಎಷ್ಟು ಇಳಿದಿದೆ ಎಂದು ಅವರ ತಂದೆ ಹೀಗೇ ಕಡ್ಡಿ ಕುಯ್ದು ಸೂರಿಗೆ ಸಿಕ್ಕಿಸುತ್ತಿದ್ದರಂತೆ. ಭಾನುವಾರದ ಕಡ್ಡಿಯನ್ನು ಬಿಳಿ ಪೆಟ್ಟಿಗೆಯ ಓರೆಪಟ್ಟಿಗೆ ಸಿಕ್ಕಿಸಿಡುವುದು. ಮಳೆ ಬಾರದಿದ್ದರೆ ಕುಯ್ಯದ ಕಡ್ಡಿ ಇಡುವುದು. ಸೋಮವಾರ ನಾನು ಅದನ್ನು ಖಾಲಿ ಗಾಜಿನ ಪಕ್ಕ ಹಿಡಿದು ಅಂಕಿ ಓದಿ, ಭಾನುವಾರದ ಸಾಲಿನಲ್ಲಿ ಬರೆದು, ಅಬ್ಸರ್ವರ್ ಎಂಬಲ್ಲಿ ನನ್ನ ಸಹಿ ಹಾಕುವುದು. ಕಡ್ಡಿಯನ್ನು ಕಿಟಕಿಯಿಂದಾಚೆ ಎಸೆಯುವುದು. ಹೀಗೆ ಒಂದೂವರೆ ವರ್ಷ ನಡೆಯಿತು. ಎಲ್ಲದಕ್ಕೂ ಪುರಾವೆ ಕೇಳುತ್ತಿದ್ದ ನಾನು ವಾರವಾರವೂ ಪುರಾವೆಯನ್ನು ಕಿಟಕಿಯಿಂದ ಎಸೆದೆ, ನೋಡದ್ದನ್ನು ನೋಡಿದೆನೆಂದು ಸಹಿ ಹಾಕಿದೆ.

ಒಂದು ಆಗಸ್ಟಿನಲ್ಲಿ ಮಳೆ ನಿಂತಿತು. ರಾಯರಿಗೆ ಬೇಕಾದದ್ದೂ ಅದೇ. ಮೂವತ್ತು ದಿನ ನೀರಿಲ್ಲದೆ ಬದುಕುವ ಒಂದು ರಾಗಿ ತಳಿ ಅವರ ಕೈಯಲ್ಲಿತ್ತು. ಆರು ವರ್ಷದ ಕೆಲಸ. ದಿನಗಳು ಸೊನ್ನೆ ಸೊನ್ನೆ ಎಂದು ಸಾಗುತ್ತಿದ್ದವು. ಅಷ್ಟರಲ್ಲಿ ಬೇರೆ ಫಾರಂಗಳ ತಪಾಸಣೆಗೆಂದು ಅವರನ್ನು ಮೂರು ವಾರ ಹೊರಗೆ ಕಳಿಸಿದರು. ಒಂದು ಸೋಮವಾರ ಬೆಳಿಗ್ಗೆ ಓರೆಪಟ್ಟಿಯಲ್ಲಿ ಕುಯ್ದ ಕಡ್ಡಿ ಇತ್ತು. ಗಾಜಿಗೆ ಹಿಡಿದೆ: ಹದಿನೇಳು ಪಾಯಿಂಟ್ ಆರು. ಬರೆದೆ, ಸಹಿ ಮಾಡಿದೆ, ಎಸೆದೆ.

ಆ ದಿನ ನೆಲ ಒದ್ದೆಯಾಗಿತ್ತೇ? ಇದನ್ನು ನನಗೆ ನಾನೇ ಎಷ್ಟು ಸಲ ಕೇಳಿಕೊಂಡಿದ್ದೇನೋ. ಸೈಕಲ್ಲಿನ ಚಕ್ರಕ್ಕೆ ಕೆಂಪು ಕೆಸರು ಮೆತ್ತಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಆಗ ಬರೆಯುತ್ತಿದ್ದ ನಾಟಕದ ಮೂರನೆಯ ಅಂಕದಲ್ಲೂ ಒಬ್ಬ ಕೆಂಪು ಕೆಸರಿನ ಸೈಕಲ್ ತಳ್ಳಿಕೊಂಡು ಬರುತ್ತಾನೆ. ಯಾವ ಚಕ್ರದ ಕೆಸರು ಯಾವುದಕ್ಕೆ ಮೆತ್ತಿತೋ ತಿಳಿಯದು.

ತಿಂಗಳ ತಖ್ತೆಯನ್ನು ರಾಯರಿಲ್ಲದ್ದರಿಂದ ನಾನೇ ಸಹಿ ಮಾಡಿ ಕಳಿಸಿದೆ. ಎರಡು ವಾರದ ಮೇಲೆ ಅದು ವಾಪಸು ಬಂತು. ರಾಯರು ತಿರುಗಿ ಬಂದಿದ್ದರು. ಕೂಡಲೇ ನನ್ನನ್ನು ಒಳಗೆ ಕರೆಸಿದರು. ಪತ್ರದಲ್ಲಿ ಎರಡು ಪ್ರಶ್ನೆಗಳಿದ್ದವು. ಒಂದು, ಯಲಹಂಕ ಮತ್ತು ಹೆಬ್ಬಾಳದ ಕಡೆ ಒಂದು ಹನಿಯೂ ಬೀಳದ ದಿನ ತಮ್ಮಲ್ಲಿ ಹದಿನೇಳು ಪಾಯಿಂಟ್ ಆರು ಹೇಗೆ ಬಂತು? ಎರಡು, ಹಾಳೆಯ ಬೆನ್ನಿಗಿರುವುದನ್ನು ವಿವರಿಸುವುದು.

ರಾಯರು ಹಾಳೆ ತಿರುಗಿಸಿದರು. ಕೆಟ್ಟ ಹಾಳೆಗಳ ನಡುವೆ ಸೇರಿ ಬೆನ್ನಿಗೆ ನಾಟಕದ ಟಿಪ್ಪಣಿ ಬಿದ್ದಿದ್ದ, ಮುಂಬದಿ ಖಾಲಿಯಿದ್ದ ಒಂದು ಹಾಳೆಯನ್ನು ಒಳ್ಳೆಯದೆಂದುಕೊಂಡು ಅದರ ಮೇಲೇ ತಖ್ತೆ ಬರೆದಿದ್ದೆ. ಬೆನ್ನಿಗೆ ಪೆನ್ಸಿಲಿನಲ್ಲಿ ನನ್ನ ಅಕ್ಷರ: ಇಲ್ಲಿ ಮಳೆ ಬರಲೇಬೇಕು, ಇಲ್ಲದಿದ್ದರೆ ಮೂರನೆಯ ಅಂಕ ನಿಲ್ಲುವುದಿಲ್ಲ.

“ಈ ಮಳೆ ಎಲ್ಲಿ ಬಂತು ರೀ? ಈ ಕಡೆಯೋ, ಆ ಕಡೆಯೋ?” ಎಂದು ಹಾಳೆಯ ಎರಡೂ ಮಗ್ಗುಲು ತೋರಿಸಿ ಕೇಳಿದರು. ದನಿ ಏರಲಿಲ್ಲ.

ನಾನೇ ಓದಿದೆ ಎಂದರೆ ಸುಳ್ಳು. ಓದಿಲ್ಲ ಎಂದರೆ ಮುನಿಯಪ್ಪನ ಹೆಸರು ಬರುತ್ತದೆ, ಸರ್ಕಾರಿ ಉಪಕರಣ ಮುಟ್ಟಿದ ದಿನಗೂಲಿಯವರನ್ನು ಯಾರು ಕಾಯಂ ಮಾಡುತ್ತಾರೆ? ಒಂದು ದಿನ ಅವಕಾಶ ಕೇಳಿ ಹೊರಬಿದ್ದೆ.

ಅಂದು ಮಧ್ಯಾಹ್ನ ಸಿಂಗಾಪುರದಲ್ಲಿ ವಿಚಾರಿಸಿದೆ. ಆ ವಾರ ಮಳೆ ಬಂತು ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಒಬ್ಬರು ಶನಿವಾರ ರಾತ್ರಿ ಎಂದರು, ಒಬ್ಬರು ಶುಕ್ರವಾರ. ಒಬ್ಬರ ಪ್ರಕಾರ ಚೆನ್ನಾಗಿ ಹುಯ್ದಿತ್ತು, ಪಕ್ಕದ ಮನೆಯವರ ಪ್ರಕಾರ ಬರೀ ತುಂತುರು. ತುಂತುರಾಗಿದ್ದರೆ ಒಂದೆರಡು ಮಿಲಿಮೀಟರು. ರಾಯರ ಒಣ ಮೂವತ್ತು ದಿನ ಉಳಿಯುತ್ತದೆ. ಹದಿನೇಳಾದರೆ ಆರು ವರ್ಷದ ಕೆಲಸ ಮತ್ತೆ ಮೊದಲಿನಿಂದ. ಕಡ್ಡಿ ಇಲ್ಲ. ಕಡ್ಡಿ ಎಸೆದವನು ನಾನು.

ಮುನಿಯಪ್ಪ ಬೇಲಿ ಕಟ್ಟುತ್ತಿದ್ದರು. ನಿಜವಾಗಿ ಅಳೆದೆಯಾ, ಅಂದಾಜಿಗೆ ಕುಯ್ದಿಟ್ಟೆಯಾ ಎಂದು ಕೇಳಿಬಿಟ್ಟೆ. ಅವರು ತಂತಿ ಬಿಟ್ಟು ಎದ್ದು ನಿಂತರು.

“ಕತೆ ಕಟ್ಟೋರು ನೀವು ಸಾಮಿ. ನಾನು ಕಡ್ಡಿ ಕುಯ್ಯೋನು.”

ಈ ಪ್ರಸಂಗದ ಮೇಲೆ ನಾನು ಆಮೇಲೆ ಬರೆದ ನಾಟಕದಲ್ಲಿ ಈ ಮಾತಿಗೆ ಪ್ರತಿ ಸಲವೂ ಚಪ್ಪಾಳೆ ಬಿತ್ತು. ಅದಕ್ಕೇ ಇದರ ಮೇಲೆ ನನಗೆ ಅನುಮಾನ. ಬಾಯಿಗೆ ಇಷ್ಟು ಸರಿಯಾಗಿ ಕೂರುವ ಮಾತನ್ನು ಮನುಷ್ಯರು ಬೇಲಿ ಕಟ್ಟುತ್ತ ಆಡುತ್ತಾರೆಯೇ? ಬಹುಶಃ ಅವರು ಏನೂ ಅನ್ನದೆ ನನ್ನ ಮುಖ ನೋಡಿರಬಹುದು, ಮಾತನ್ನು ನಾನು ತುಂಬಿರಬಹುದು. ಆ ನೋಟ ಮಾತ್ರ ನಾಟಕದಲ್ಲಿ ಇಲ್ಲ. ಸತ್ತಾರ್ ಎಷ್ಟು ತಿದ್ದಿದರೂ ಯಾವ ನಟನಿಗೂ ಬರಲಿಲ್ಲ. ಹಾಗಾಗಿ ಅದು ನಡೆದದ್ದೇ ಇರಬೇಕು.

ಸಂಜೆ ಜಾಲಹಳ್ಳಿಯ ಹೋಟೆಲಿನಲ್ಲಿ ಸತ್ತಾರನಿಗೆ ಹೇಳಿದೆ. ಅವನು ಬೈಟೂ ಕಾಫಿಯ ತನ್ನ ಪಾಲು ಮುಗಿಸಿ ಲೋಟ ಕೆಳಗಿಟ್ಟ.

“ನಾಟಕದಾಗೆ ಮಳೆ ಬೇಕು ಅಂದ್ರೆ ನಾನು ತಗಡು ಬಡೀತೀನಿ ಗುರು. ಫಾರಂನಾಗೆ ಯಾರು ಬಡೀತಾರೆ? ಹೋಗಿ ಇರೋದು ಹೇಳ್ಬಿಡು.”

“ಮುನಿಯಪ್ಪನ ಗತಿ?”

“ಅವನು ಸುಳ್ಳು ಹೇಳಿಲ್ವಲ್ಲ. ನೀನು ಬಾಯಿ ಮುಚ್ಕೊಂಡಿದ್ರೆ, ಅವನೇ ಸುಳ್ಳು ಹೇಳಿದಂಗೆ ಆಗುತ್ತೆ.”

ಮರುದಿನ ರಾಯರಿಗೆ ಎಲ್ಲವನ್ನೂ ಹೇಳಿದೆ: ತಾಲೀಮು, ಎಣ್ಣೆ ಬಾಟಲಿ, ಕಡ್ಡಿ, ಸಹಿ. ಅವರು ಕೋಟಿನ ಗುಂಡಿಯನ್ನು ಹಾಕುತ್ತ ತೆಗೆಯುತ್ತ ಕೇಳಿದರು. ಒಂದೂವರೆ ವರ್ಷದಲ್ಲಿ ಎಷ್ಟು ಭಾನುವಾರ ಎಂದು ಮಾತ್ರ ಕೇಳಿದರು. ಆಮೇಲೆ ಅಳತೆಗಾಜು ತರಿಸಿದರು, ಮುನಿಯಪ್ಪನನ್ನು ಕರೆಸಿದರು. ಆಗ ಸಂಜೆ ಐದರ ಹತ್ತಿರ.

ಮುಂದಿನದು ನನಗೆ ಸ್ಪಷ್ಟವಾಗಿದೆ. ಮೊದಲೇ ಅಳೆದು ಗುಟ್ಟಾಗಿ ಬರೆದಿಟ್ಟುಕೊಂಡ ನೀರನ್ನು ರಾಯರು ಮೂರು ಲೋಟಗಳಲ್ಲಿ ಇಟ್ಟಿದ್ದರು. ಮುನಿಯಪ್ಪ ಒಂದೊಂದನ್ನೂ ಗಾಜಿಗೆ ಸುರಿದರು. ಗಾಜನ್ನು ಮೇಜಿನ ಮೇಲಿಡದೆ ನೆಲದ ಮೇಲಿಟ್ಟು, ತಾವು ಕುಕ್ಕರಗಾಲಲ್ಲಿ ಕೂತು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ಒಂದು ಕಣ್ಣು ಮುಚ್ಚಿ ಕುಯ್ದರು. ಕಾಲೇಜಿನ ಪ್ರಯೋಗಾಲಯದಲ್ಲಿ ನಮಗೆ ಒಂದು ವರ್ಷ ಹೇಳಿ ಹೇಳಿ ಕಲಿಸಿದ್ದು ಅದನ್ನೇ. ರಾಯರು ಮೂರು ಕಡ್ಡಿಗಳನ್ನೂ ಅಳೆದು ತಮ್ಮ ಚೀಟಿ ತೆಗೆದು ನೋಡಿದರು. ಎಲ್ಲಿಯೂ ಅರ್ಧ ಮಿಲಿಮೀಟರಿನ ವ್ಯತ್ಯಾಸವೂ ಇರಲಿಲ್ಲ.

ನನ್ನ ಬುದ್ಧಿ ಎಂಥದು ನೋಡಿ, ಆಗಲೂ ಸುಮ್ಮನಿರಲಿಲ್ಲ. ಸಾರ್, ಇದರಿಂದ ಇವನ ಕೈ ಸರಿ ಎಂದಾಯಿತೇ ಹೊರತು ಆ ಭಾನುವಾರ ಅಷ್ಟೇ ಮಳೆ ಬಂತು ಎಂದಾಗಲಿಲ್ಲವಲ್ಲ ಎಂದೆ.

“ಸರಿ ಕಣ್ರೀ. ಆ ಮಳೆ ಸುಳ್ಳಾದ್ರೆ ಲಾಭ ಯಾರಿಗೆ ಹೇಳಿ?” ಎಂದರು ರಾಯರು. “ನನಗೆ. ನನ್ನ ರಾಗಿಗೆ. ಮಳೆ ನಿಜವಾದ್ರೆ ಲಾಭ ನಿಮ್ಮ ಮೂರನೇ ಅಂಕಕ್ಕೆ. ಇವನಿಗೆ ಯಾವ ಕಡೆಯಿಂದ್ಲೂ ಏನೂ ಇಲ್ಲ. ಇವನ್ನ ಬಿಟ್ಟು ಇನ್ಯಾರನ್ನ ನಂಬಲಿ?”

ಕೆಂಪು ಮಸಿಯ ಪೆನ್ನು ಕೈಗೆತ್ತಿಕೊಂಡು ರಿಜಿಸ್ಟರು ತೆರೆದರು. ಆಗ ಗಡಿಯಾರ ನೋಡಿ, ಐದೂವರೆ ಆಯಿತು, ನೀವು ಹೋಗಿ ನಿಮ್ಮ ಓದು ಮುಗಿಸಿ ಎಂದರು. ಹೋದೆ. ಪೆಟ್ಟಿಗೆಯ ಬಾಗಿಲು ತೆರೆದು ಉಷ್ಣಮಾಪಕ ಓದಿದೆ. ಏನು ಓದಿದೆನೋ.

ತಿರುಗಿ ಬಂದಾಗ ರಿಜಿಸ್ಟರು ಮುಚ್ಚಿತ್ತು. ಮುನಿಯಪ್ಪ ಹೆಗಲ ಟವೆಲಿನಿಂದ ಕೈ ಒರೆಸಿಕೊಳ್ಳುತ್ತಿದ್ದರು. ಅದು ಗಾಜಿನ ನೀರೋ, ಬೇರೆ ಏನೋ? ಮೇಜಿನ ಮೇಲೆ ಶಾಯಿ ಪ್ಯಾಡು ಇತ್ತು. ಆದರೆ ಕೂಲಿಯವರ ಹೆಬ್ಬೆಟ್ಟಿಗೆಂದು ಅದು ಯಾವಾಗಲೂ ಅಲ್ಲೇ ಇರುತ್ತಿತ್ತು. ಆ ವಾರವೇ ರಾಯರು ರಿಜಿಸ್ಟರನ್ನು ತಮ್ಮ ವಿವರಣೆಯ ಜೊತೆ ತಾವೇ ಕೇಂದ್ರ ಕಚೇರಿಗೆ ಒಯ್ದುಕೊಟ್ಟರು, ನಮಗೆ ಹೊಸದು ಬಂತು. ನಾನು ಆ ಪುಟವನ್ನು ನೋಡಲೇ ಇಲ್ಲ. ರಾಯರನ್ನು ಕೇಳುವ ಧೈರ್ಯವಾಗಲಿಲ್ಲ. ಮುನಿಯಪ್ಪನನ್ನು ಒಮ್ಮೆ ಕೇಳಿದೆ.

“ವಾರವಾರ ಎಲ್ಲೆಲ್ಲೋ ಎಬ್ಬೆಟ್ಟು ಒತ್ತೀನಿ ಸಾಮಿ. ಯಾವುದು ಯಾವುದಕ್ಕೆ ಅಂತ ಏಳ್ಲಿ?”

ನನ್ನ ಮೇಲೆ ಕ್ರಮ ಆಗಲಿಲ್ಲ. ರಾಯರು ಹೇಳಿದ್ದು ಇಷ್ಟೇ: “ಭಾನುವಾರ ಎಂಟೂವರೆಗೆ ನೀವು ಇಲ್ಲಿರ್ಬೇಕು. ಎಂಟೂ ಮೂವತ್ತೈದಕ್ಕೆ ನೀವೇನ್ ಬರೀತೀರೋ ಅದು ನನಗೆ ಸಂಬಂಧ ಇಲ್ಲ.” ಆ ಐದು ನಿಮಿಷವೇ ನಮಗೆ ದಾರಿಯಾಯಿತು. ಸತ್ತಾರನ ತಂಡ ಭಾನುವಾರ ಸೈಕಲ್ ಹತ್ತಿ ಸಿಂಗಾಪುರಕ್ಕೇ ಬರತೊಡಗಿತು. ಫಾರಂ ಬೇಲಿಯಾಚೆ ಹೊಂಗೆ ಮರದಡಿ ತಾಲೀಮು. ನಾನು ಗಾಜು ಓದಿ, ಸೊನ್ನೆಯೋ ಮತ್ತೊಂದೋ ಬರೆದು, ಬೇಲಿ ದಾಟಿ ಹೋಗುತ್ತಿದ್ದೆ. ಮುನಿಯಪ್ಪ ಒಂದು ಕಲ್ಲಿನ ಮೇಲೆ ಕೂತು ನೋಡುತ್ತಿದ್ದರು. ಅಧಿಕಾರಿಯ ಪಾತ್ರದಲ್ಲಿ ಸತ್ತಾರ್ ಅಬ್ಬರಿಸಿದಾಗ, ರಾಯರು ಇಷ್ಟು ಕೂಗಾಕಿಲ್ಲ ಎಂದು ತಿದ್ದುತ್ತಿದ್ದರು. ಮುಂದಿನ ವರ್ಷ ಅವರು ಕಾಯಂ ಆದರು. ರಾಯರು ಅದೇ ರಾಗಿಯನ್ನು ಮತ್ತೆ ಬಿತ್ತಿದರು.

ಆ ಕೋಣೆಯಲ್ಲಿ ನಾನಿಲ್ಲದ ಐದು ನಿಮಿಷವನ್ನು ನಾಟಕದಲ್ಲಿ ತುಂಬಬೇಕಾಯಿತು. ಮೊದಲ ಏಳು ಪ್ರದರ್ಶನಗಳಲ್ಲಿ ಅಧಿಕಾರಿ ಅಂಕಿಯ ಮೇಲೆ ಕೆಂಪು ಗೆರೆ ಎಳೆಯುತ್ತಾನೆ. ಸತ್ತಾರನಿಗೆ ಅದು ಹಿಡಿಸಲಿಲ್ಲ. ಮೂರು ಲೋಟ ಅಳೆಸಿದ ಮನುಷ್ಯ ಹಾಗೆ ಮಾಡುವುದಿಲ್ಲ ಎಂದ. ಉಳಿದ ಏಳರಲ್ಲಿ ಅಧಿಕಾರಿ ಕಾವಲುಗಾರನ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ. ಕ್ರಮೇಣ ಎರಡೂ ನಾನು ಕಣ್ಣಾರೆ ಕಂಡದ್ದೇ ಅನ್ನಿಸತೊಡಗಿತು.

ನಿವೃತ್ತನಾದ ಮೇಲೆ, ಹಳೆಯ ರಿಜಿಸ್ಟರುಗಳನ್ನು ಇಟ್ಟಿರುವ ಕಚೇರಿಗೆ ಅರ್ಜಿ ಕೊಟ್ಟು ಒಂದು ಬೆಳಿಗ್ಗೆ ಹೋಗಿ ಕೂತೆ. ಕೆಸರಿಗೆ ಅಲ್ಲಿ ದಾಖಲೆ ಇಲ್ಲ. ಬೇಲಿಯ ಹತ್ತಿರ ಮುನಿಯಪ್ಪ ಆಡಿದ ಮಾತಿಗೂ ಇಲ್ಲ. ಅವರೂ ಇಲ್ಲ, ರಾಯರೂ ಇಲ್ಲ. ಸಿಂಗಾಪುರದ ರಿಜಿಸ್ಟರನ್ನು ಒಬ್ಬರು ದಾರ ಬಿಚ್ಚಿ ಕೊಟ್ಟರು. ಆ ಆಗಸ್ಟಿನ ಪುಟ ಇದೆ. ಭಾನುವಾರದ ಸಾಲಿನಲ್ಲಿ 17.6 ಇದೆ, ಅದರ ಮೇಲೆ ಯಾವ ಗೆರೆಯೂ ಇಲ್ಲ. ಕೆಂಪು ಗೆರೆ ಇರುವುದು ನನ್ನ ಸಹಿಯ ಮೇಲೆ. ಅದರ ಪಕ್ಕದಲ್ಲಿ ಸ್ವಲ್ಪ ಮಾಸಿದ ಒಂದು ನೇರಳೆ ಹೆಬ್ಬೆಟ್ಟು, ಕೆಳಗೆ ರಾಯರ ಅಕ್ಷರದಲ್ಲಿ, ಅಬ್ಸರ್ವರ್: ಮುನಿಯಪ್ಪ.